ತಲೆಗೆ ಪೆಟ್ಟಾದ ಮೇಲೆ ಬುದ್ಧಿಶಕ್ತಿಯ ಪರೀಕ್ಷೆ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು



ಸಂಸಾರವೆಂಬುದು ಇಬ್ಬರು ಕೂಡಿ ಎಳೆಯುವ ಬಂಡಿ. ಒಂದು ಎತ್ತು ಕುಂಟಿದರೆ ನೊಗದ ಭಾರವೆಲ್ಲವೂ ಇನ್ನೊಂದರ ಹೆಗಲಿಗೆ ಬೀಳುವುದು. ಕಾಲು ಮುರಿದರೆ ನೆರೆಹೊರೆಯವರಿಗೆಲ್ಲ ಕಾಣುತ್ತದೆ. ಕಟ್ಟು ಹಾಕಿದ್ದನ್ನು ನೋಡಿ ಜನ ಮರುಗುತ್ತಾರೆ. ಆದರೆ ತಲೆಗೆ ಪೆಟ್ಟು ಬಿದ್ದು ಮರೆವು, ಮುಂಗೋಪ, ಮಂಕುತನ ಬಂದರೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಹೊರಗಿನ ಗಾಯ ಮಾಗಿದೊಡನೆ “ಎಲ್ಲ ಸರಿಹೋಯಿತು, ಇನ್ನು ಸೋಮಾರಿತನ ಬೇಡ” ಎಂಬ ಮಾತು ಕೇಳಬರುವುದು. ಇಂತಹ ಸಮಯದಲ್ಲಿ ಕಾಣದ ಕುಂದನ್ನು ಅಳೆದು ತೋರಿಸುವ ಸಾಧನವೆಂದರೆ ಬುದ್ಧಿಶಕ್ತಿಯ ಪರೀಕ್ಷೆ. ಆ ಪರೀಕ್ಷೆಯ ಫಲವನ್ನು ನಂಬಬಹುದೇ, ಪರೀಕ್ಷೆಗೆ ಕುಳಿತವರು ಮನಸ್ಸಿಟ್ಟು ಪ್ರಯತ್ನಿಸಿದರೇ ಎಂಬುದನ್ನು ತಜ್ಞರು ಹೇಗೆ ನಿರ್ಣಯಿಸುತ್ತಾರೆ, ಈ ವಿಷಯದಲ್ಲಿ ಪತಿಪತ್ನಿಯರ ಕರ್ತವ್ಯವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಉದಾಹರಣೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಿಜಯನಗರಕ್ಕೆ ಹೊಂದಿಕೊಂಡಂತೆ ಹೊಸಹಳ್ಳಿ ಇದೆ. ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿರುವ ಈ ಸ್ಥಳಕ್ಕೆ 2015ರ ನವೆಂಬರ್ ತಿಂಗಳಿನಲ್ಲಿ ಮೆಟ್ರೊ ರೈಲೂ ಬಂದಿತು. ಮಾಗಡಿ, ಕುಣಿಗಲ್ಲು ಕಡೆಯ ಗ್ರಾಮಗಳಿಂದ ಕೆಲಸ ಅರಸಿ ಬರುವವರಿಗೆ ಈ ಭಾಗವು ನಗರದ ಹೆಬ್ಬಾಗಿಲಿನಂತಿದೆ. ಗಾರೆ ಕೆಲಸಕ್ಕೆಂದು ಬಂದು ಇಲ್ಲಿ ಬಾಡಿಗೆ ಮನೆಯಲ್ಲಿ ವಾಸಿಸುವ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಿ. ಹೆಂಡತಿ ಮಕ್ಕಳು ಊರಿನಲ್ಲಿದ್ದಾರೆ. ಒಂದು ಸಂಜೆ ದ್ವಿಚಕ್ರ ವಾಹನದಿಂದ ಬಿದ್ದು ಆತನ ತಲೆಗೆ ಪೆಟ್ಟಾಗುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದ ಎರಡು ತಿಂಗಳ ಮೇಲೂ ಕೊಟ್ಟ ಹಣ, ಇಟ್ಟ ಕರಣಿ, ಆಡಿದ ಮಾತು ಯಾವುದೂ ನೆನಪಿಗೆ ಬಾರದು. ಮೇಸ್ತ್ರಿಯು “ಇವನು ನಟಿಸುತ್ತಿದ್ದಾನೆ” ಎನ್ನುತ್ತಾನೆ. ಬಂಧುಗಳು “ನಿನಗೆ ಏನೂ ನೆನಪಿಲ್ಲವೆಂದೇ ಹೇಳು, ಪರಿಹಾರ ಹೆಚ್ಚು ಬರುತ್ತದೆ” ಎನ್ನುತ್ತಾರೆ. ವೈದ್ಯರು ಬುದ್ಧಿಶಕ್ತಿಯ ಪರೀಕ್ಷೆ ಮಾಡಿಸಿರೆಂದು ಚೀಟಿ ಬರೆದುಕೊಡುತ್ತಾರೆ. ಹೆಂಡತಿಯು ಏನು ಮಾಡತಕ್ಕದ್ದು?

ಇಂತಹ ಸಂದರ್ಭವು ಯಾವ ಮನೆಗಾದರೂ ಬರಬಹುದು. ತೆಂಗಿನ ಮರದಿಂದ ಬೀಳುವುದು, ಅಟ್ಟದಿಂದ ಜಾರುವುದು, ಜಗಳದಲ್ಲಿ ಏಟು ತಿನ್ನುವುದು ಇವುಗಳಿಂದಲೂ ಮಿದುಳಿಗೆ ಪೆಟ್ಟಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರ ಅಂದಾಜಿನಂತೆ ನಮ್ಮ ದೇಶದಲ್ಲಿ ಮಿದುಳಿಗೆ ಆಗುವ ಪೆಟ್ಟುಗಳಲ್ಲಿ ನೂರಕ್ಕೆ ಸುಮಾರು 60ರಷ್ಟು ರಸ್ತೆ ಅಪಘಾತಗಳಿಂದಲೂ, 20ರಿಂದ 25ರಷ್ಟು ಬೀಳುವುದರಿಂದಲೂ, ಸುಮಾರು 10ರಷ್ಟು ಹೊಡೆದಾಟದಿಂದಲೂ ಆಗುತ್ತವೆ.

ಮಿದುಳಿಗೆ ಪೆಟ್ಟಾದಾಗ ಆಗುವುದೇನು?

ಮಿದುಳು ತಲೆಬುರುಡೆಯೊಳಗೆ ಇರುವ ಮೆತ್ತನೆಯ ಅಂಗ. ತಲೆಗೆ ಬಲವಾದ ಹೊಡೆತ ಬಿದ್ದಾಗ ಮಿದುಳು ಬುರುಡೆಯ ಒಳಗೋಡೆಗೆ ತಾಗಿ ಜಜ್ಜಿಹೋಗಬಹುದು, ರಕ್ತಸ್ರಾವವಾಗಬಹುದು, ಇಲ್ಲವೆ ಅದರೊಳಗಿನ ಸೂಕ್ಷ್ಮ ನರತಂತುಗಳು ಹಿಗ್ಗಿ ಹರಿಯಬಹುದು. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ಯೋಚನೆ, ತಾಳ್ಮೆ, ವಿವೇಕಗಳಿಗೆ ಕುಂದು ಬರುವುದು. ಕಿವಿಯ ಮೇಲಿನ ಒಳಭಾಗಕ್ಕೆ ಪೆಟ್ಟಾದರೆ ಹೊಸ ಸಂಗತಿಗಳನ್ನು ನೆನಪಿಡುವುದು ಕಷ್ಟವಾಗುವುದು.

ಪೆಟ್ಟಿನ ತೀವ್ರತೆಯನ್ನು ತಿಳಿಯಲು ವೈದ್ಯರು ಮೊದಲ ದಿನವೇ ಒಂದು ಅಂಕವನ್ನು ಬರೆದಿಡುತ್ತಾರೆ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರಾದ ಗ್ರಹಾಂ ಟೀಸ್ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬುವರು ಈ ಕ್ರಮವನ್ನು ಪ್ರಕಟಿಸಿದರು. ಗಾಯಗೊಂಡವರು ಕಣ್ಣು ತೆರೆಯುವರೇ, ಮಾತಾಡುವರೇ, ಹೇಳಿದಂತೆ ಕೈಕಾಲು ಆಡಿಸುವರೇ ಎಂಬ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡಲಾಗುತ್ತದೆ. 13ರಿಂದ 15 ಬಂದರೆ ಲಘು ಪೆಟ್ಟು, 9ರಿಂದ 12 ಬಂದರೆ ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಪೆಟ್ಟು ಎಂದು ಎಣಿಸುತ್ತಾರೆ. ಲಘು ಪೆಟ್ಟು ಬಿದ್ದವರಲ್ಲಿ ಬಹುಪಾಲು ಜನ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಹೆಚ್ಚು ಕಾಲ ಹಿಡಿಯುವುದೂ ಉಂಟು. ಆದುದರಿಂದ ಮೊದಲ ದಿನದ ಆಸ್ಪತ್ರೆಯ ಕಾಗದಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಮುಂದೆ ಬುದ್ಧಿಶಕ್ತಿಯ ಪರೀಕ್ಷೆಯ ಫಲವನ್ನು ತಾಳೆ ನೋಡಲು ಅವು ಬೇಕೇ ಬೇಕು.

ಪರೀಕ್ಷೆ ಎಂದರೆ ಯಾವುದು?

ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಸೂಜಿಯಿಲ್ಲ, ಔಷಧವಿಲ್ಲ, ನೋವಿಲ್ಲ. ತರಬೇತಿ ಹೊಂದಿದ ಮನೋವಿಜ್ಞಾನಿಯು ಎದುರಿಗೆ ಕುಳಿತು ಕೆಲವು ಕೆಲಸಗಳನ್ನು ಮಾಡಿಸುತ್ತಾರೆ. ಹದಿನೈದು ಪದಗಳನ್ನು ಐದು ಬಾರಿ ಓದಿ ಹೇಳಿ, ಪ್ರತಿ ಬಾರಿಯೂ ನೆನಪಿದ್ದಷ್ಟನ್ನು ಹೇಳಿಸುವುದು. ಸ್ವಲ್ಪ ಹೊತ್ತು ಬಿಟ್ಟು ಅವನ್ನೇ ಮತ್ತೆ ಕೇಳುವುದು. ಒಂದು ಚಿತ್ರವನ್ನು ನೋಡಿ ಬರೆಸಿ, ಆಮೇಲೆ ನೋಡದೆ ಬರೆಸುವುದು. ಬೆರಳಿನಿಂದ ಬೇಗ ಬೇಗ ತಟ್ಟಿಸುವುದು. ಮಣಿಗಳನ್ನು ಗೂಟದಿಂದ ಗೂಟಕ್ಕೆ ಯೋಚಿಸಿ ಸರಿಸುವಂತೆ ಹೇಳುವುದು ಮುಂತಾದವು ಇದರಲ್ಲಿ ಸೇರಿವೆ. ಗಮನ, ನೆನಪು, ಯೋಚನೆ, ಕೈಚಳಕ ಇವುಗಳಲ್ಲಿ ಯಾವುದು ಉಳಿದಿದೆ, ಯಾವುದು ಕುಗ್ಗಿದೆ ಎಂಬುದು ಇದರಿಂದ ತಿಳಿಯುವುದು.

ಈ ವಿದ್ಯೆಯಲ್ಲಿ ನಮ್ಮ ರಾಜ್ಯಕ್ಕೆ ಹಿರಿಮೆ ಇದೆ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದು ಮತ್ತು ಸರ್ಕಾರಿ ಮಾನಸಿಕ ಆಸ್ಪತ್ರೆ ಎರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಎಂಬ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಯಿತು. 2004ರಲ್ಲಿ ಅಲ್ಲಿನ ಡಾ. ಶೋಭಿನಿ ರಾವ್, ಡಾ. ಡಿ. ಕೆ. ಸುಬ್ಬಕೃಷ್ಣ ಮತ್ತು ಡಾ. ಕೆ. ಗೋಪುಕುಮಾರ್ ಅವರು ನಮ್ಮ ಜನರಿಗೆ ಒಪ್ಪುವ ಪರೀಕ್ಷಾ ಮಾಲೆಯೊಂದನ್ನು ಹೊರತಂದರು. ವಯಸ್ಸು, ಹೆಣ್ಣು-ಗಂಡು ಎಂಬ ಭೇದ, ವಿದ್ಯಾಭ್ಯಾಸ ಇವುಗಳನ್ನು ಗಮನಿಸಿ ಆರೋಗ್ಯವಂತರು ಸಾಮಾನ್ಯವಾಗಿ ಗಳಿಸುವ ಅಂಕಗಳನ್ನು ಅದರಲ್ಲಿ ಕೊಡಲಾಗಿದೆ. ಓದು ಬಾರದವರಿಗೇ ಬೇರೆ ಅಳತೆ, ಶಾಲೆ ಕಲಿತವರಿಗೆ ಬೇರೆ, ಕಾಲೇಜು ಕಲಿತವರಿಗೆ ಬೇರೆ. ಹೊಲ ಉಳುವ ರೈತನನ್ನು ಪದವೀಧರನ ಅಳತೆಗೋಲಿನಿಂದ ಅಳೆಯಬಾರದೆಂಬುದೇ ಇದರ ತಿರುಳು.

ಅಳತೆಯು ಸರಿಯಾಗಿದೆಯೇ ಎಂದು ನೋಡುವುದೇಕೆ?

ನಿಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘವನ್ನು ನೆನೆಯಿರಿ. ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕದೆ ತಳದಿಂದ ಮಾದರಿ ತೆಗೆದರೆ ಕೊಬ್ಬಿನ ಅಂಶ ಕಡಿಮೆ ಬರುವುದು. ಮೇಲಿನಿಂದ ತೆಗೆದರೆ ಹೆಚ್ಚು ಬರುವುದು. ಯಂತ್ರವು ಸುಳ್ಳು ಹೇಳಲಿಲ್ಲ, ಹಸುವೂ ಕೆಟ್ಟದ್ದಲ್ಲ. ಮಾದರಿಯೇ ಸರಿಯಿರಲಿಲ್ಲ. ಬುದ್ಧಿಶಕ್ತಿಯ ಪರೀಕ್ಷೆಯೂ ಹೀಗೆಯೇ. ಕುಳಿತವರು ಮನಸ್ಸಿಟ್ಟು ಮಾಡಿದರೆ ಮಾತ್ರ ಬಂದ ಅಂಕವು ಮಿದುಳಿನ ಸ್ಥಿತಿಯನ್ನು ತೋರಿಸುವುದು. ಮನಸ್ಸಿಡದೆ ಮಾಡಿದರೆ ಆ ಅಂಕವು ಮಿದುಳಿನ ಕುಂದನ್ನು ತೋರಿಸದು. ಮನಸ್ಸಿಡದಿದ್ದುದನ್ನು ಮಾತ್ರ ತೋರಿಸುವುದು. ಅಳತೆ ಮಾಡಹೊರಟ ವಸ್ತುವನ್ನೇ ಪರೀಕ್ಷೆಯು ಅಳೆದಿದೆಯೆಂಬ ಭರವಸೆಗೆ ಶಾಸ್ತ್ರದಲ್ಲಿ ಸಪ್ರಮಾಣತೆ ಎಂದು ಹೆಸರು.

ಈ ಭರವಸೆ ಇಲ್ಲದೆ ಹೋದರೆ ನಷ್ಟ ಯಾರಿಗೆ? ಮೊದಲನೆಯದಾಗಿ ಗಾಯಗೊಂಡವರಿಗೇ. ಅಂಕವು ತಪ್ಪಾದರೆ ಚಿಕಿತ್ಸೆಯೂ ತಪ್ಪುವುದು. ನೆನಪು ಕುಗ್ಗಿದವರಿಗೆ ಬೇಕಾದ ಅಭ್ಯಾಸ ಒಂದು, ಚಿಂತೆಯಿಂದ ಮಂಕಾದವರಿಗೆ ಬೇಕಾದ ಔಷಧ ಇನ್ನೊಂದು. ಮನೆಯ ಅನೇಕ ತೀರ್ಮಾನಗಳೂ ಈ ಅಂಕವನ್ನೇ ಅವಲಂಬಿಸಿವೆ. ತಾಯಿಗೆ ನೆನಪು ನಿಜವಾಗಿಯೂ ಕುಗ್ಗಿದ್ದರೆ ಒಲೆಯ ಮುಂದೆ ಮಗುವನ್ನು ಆಕೆಯೊಬ್ಬಳ ಕೈಗೆ ಬಿಡಲಾಗದು. ದಿನನಿತ್ಯದ ಗರ್ಭನಿರೋಧಕ ಮಾತ್ರೆಯನ್ನು ಆಕೆ ಮರೆಯಬಹುದು. ಅಲ್ಲದೆ ತಲೆಪೆಟ್ಟಿನ ಅನಂತರ ಮೂರ್ಛೆ ಬಾರದಂತೆ ಕೊಡುವ ಕೆಲವು ಔಷಧಗಳು ಆ ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತವೆ. ಅಂತಹ ದಂಪತಿಗಳು ವಂಕಿ ಅಥವಾ ಬೇರೆ ವಿಧಾನದ ಬಗ್ಗೆ ವೈದ್ಯಾಧಿಕಾರಿಗಳೊಡನೆ ಮಾತನಾಡುವುದು ಒಳ್ಳೆಯದು. ಗಂಡನಿಗೆ ಗಮನ ಕುಗ್ಗಿದ್ದರೆ ಟ್ರ್ಯಾಕ್ಟರು, ಕತ್ತರಿಸುವ ಯಂತ್ರ, ಎತ್ತರದ ಸಾರುವೆ ಇವುಗಳಿಂದ ಕೆಲಕಾಲ ದೂರವಿರಬೇಕು. ಇವೆಲ್ಲಕ್ಕೂ ನಿಜವಾದ ಅಳತೆಯೇ ಆಧಾರ.

ಪ್ರಯತ್ನವನ್ನು ತಜ್ಞರು ಹೇಗೆ ಅರಿಯುತ್ತಾರೆ?

ಪರೀಕ್ಷಕರು ಮುಖ ನೋಡಿ ಸುಳ್ಳು-ನಿಜ ಹೇಳುವ ಜ್ಯೋತಿಷಿಗಳಲ್ಲ. ಮುಖ ನೋಡಿ ನಿರ್ಣಯಿಸಿದರೆ ನುರಿತವರೂ ತಪ್ಪುತ್ತಾರೆಂದು ಅನುಭವ ತೋರಿಸಿದೆ. ಆದುದರಿಂದ ಅವರು ಮುಖ್ಯವಾಗಿ ನಾಲ್ಕು ಮಾರ್ಗಗಳನ್ನು ಅನುಸರಿಸುತ್ತಾರೆ.

ಮೊದಲನೆಯ ಮಾರ್ಗ: ನೋಡಲು ಕಷ್ಟವೆನಿಸಿದರೂ ನಿಜವಾಗಿ ಬಹಳ ಸುಲಭವಾದ ಕೆಲಸವನ್ನು ಕೊಡುವುದು. ಮಿದುಳಿಗೆ ನಿಜವಾಗಿಯೂ ಪೆಟ್ಟಾದವರಲ್ಲಿ ಬಹುಮಂದಿ ಇದನ್ನು ಮಾಡಬಲ್ಲರೆಂದು ಮೊದಲೇ ಅನೇಕರ ಮೇಲೆ ನೋಡಿ ಖಚಿತಪಡಿಸಿಕೊಂಡಿರುತ್ತಾರೆ. ಅಷ್ಟು ಸುಲಭವಾದುದೂ ಆಗಲಿಲ್ಲವೆಂದರೆ, ಕಾರಣವನ್ನು ಹುಡುಕಬೇಕೆಂದು ತಿಳಿಯುವುದು. ಈ ಪರೀಕ್ಷೆಗಳ ಹೆಸರನ್ನಾಗಲಿ ಒಳಗುಟ್ಟನ್ನಾಗಲಿ ಇಲ್ಲಿ ಹೇಳಿಲ್ಲ. ಪ್ರಶ್ನೆಪತ್ರಿಕೆ ಮೊದಲೇ ಬಯಲಾದರೆ ಶಾಲೆಯ ಪರೀಕ್ಷೆ ಕೆಡುವಂತೆ, ಇವುಗಳೂ ಕೆಟ್ಟು ಪ್ರಾಮಾಣಿಕರಿಗೇ ಹಾನಿಯಾಗುತ್ತದೆ.

ಎರಡನೆಯ ಮಾರ್ಗ: ಎರಡರಲ್ಲಿ ಒಂದನ್ನು ಆರಿಸುವಂತೆ ಕೇಳಿ ಲೆಕ್ಕ ಹಾಕುವುದು. ಮಕ್ಕಳ ಆಟವೊಂದರಿಂದ ಇದರ ಲೆಕ್ಕವನ್ನು ಅರಿಯಬಹುದು. ಒಂದು ಹುಣಸೆಬೀಜವನ್ನು ಯಾವುದೋ ಒಂದು ಮುಷ್ಟಿಯಲ್ಲಿ ಅಡಗಿಸಿ “ಯಾವ ಕೈ?” ಎಂದು ಮಗುವನ್ನು ಕೇಳಿರಿ. ಇಪ್ಪತ್ತು ಬಾರಿ ಆಡಿದರೆ, ಏನೂ ತಿಳಿಯದ ಮಗುವೂ ಸುಮಾರು ಹತ್ತು ಬಾರಿ ಸರಿಯಾಗಿ ಹೇಳುವುದು; ಕೆಲವೊಮ್ಮೆ ಎಂಟು, ಕೆಲವೊಮ್ಮೆ ಹನ್ನೆರಡು. ಆದರೆ ಇಪ್ಪತ್ತರಲ್ಲಿ ಎರಡೇ ಬಾರಿ ಅಥವಾ ಅದಕ್ಕಿಂತ ಕಡಿಮೆ ಸರಿಯಾಯಿತೆಂದರೆ? ಬರಿಯ ಊಹೆಯಿಂದ ಹಾಗಾಗುವುದು ಹತ್ತು ಸಾವಿರ ಆಟಗಳಲ್ಲಿ ಸುಮಾರು ಎರಡು ಸಲ ಮಾತ್ರ. ಬೀಜ ಎಲ್ಲಿದೆಯೆಂದು ಬಲ್ಲ ಮಗುವು ಬೇಕೆಂದೇ ಇನ್ನೊಂದು ಕೈ ತೋರಿಸುತ್ತಿದೆ ಎಂದು ಆಗ ನೀವೇ ಹೇಳುತ್ತೀರಿ. ಕಣ್ಣು ಮುಚ್ಚಿ ಆರಿಸಿದವರಿಗಿಂತಲೂ ಬಹಳ ಕಡಿಮೆ ಅಂಕ ಪಡೆಯಬೇಕಾದರೆ ಸರಿಯುತ್ತರ ತಿಳಿದಿರಲೇಬೇಕು. ಇದು ತಜ್ಞರಿಗೆ ಸಿಗುವ ಅತ್ಯಂತ ಬಲವಾದ ಸಾಕ್ಷ್ಯ. ಆದರೆ ಇಷ್ಟು ಕಡಿಮೆ ಅಂಕ ಪಡೆಯುವವರು ವಿರಳ.

ಮೂರನೆಯ ಮಾರ್ಗ: ಅಂಕಗಳ ಹೊಂದಾಣಿಕೆಯನ್ನು ನೋಡುವುದು. ನಿಜವಾದ ಕುಂದಿಗೆ ತನ್ನದೇ ಆದ ಒಂದು ಕ್ರಮವಿದೆ. ಸುಲಭವಾದುದು ಉಳಿದು ಕಠಿಣವಾದುದು ಹೋಗುವುದು ಸಾಮಾನ್ಯ. ಕಠಿಣವಾದುದನ್ನು ಮಾಡಿ ಸುಲಭವಾದುದರಲ್ಲಿ ಸೋತರೆ ಕ್ರಮ ತಪ್ಪಿದಂತೆ. ಹಳೆಯದು ಉಳಿದು ಹೊಸದು ಮರೆಯುವುದೂ ವಾಡಿಕೆ. ತನ್ನ ಹೆಸರು, ಹೆತ್ತವರ ಹೆಸರು ಮರೆತು, ನಿನ್ನೆ ವಕೀಲರು ಆಡಿದ ಮಾತು ಪೂರ್ತಿ ನೆನಪಿದ್ದರೆ ವಿಚಾರಿಸಬೇಕಾಗುತ್ತದೆ.

ನಾಲ್ಕನೆಯ ಮಾರ್ಗ: ಅಂಕಗಳನ್ನು ದಿನದ ಬಾಳಿನೊಡನೆಯೂ ಆಸ್ಪತ್ರೆಯ ದಾಖಲೆಗಳೊಡನೆಯೂ ತಾಳೆ ನೋಡುವುದು. ಮೂರು ಪದಗಳೂ ನೆನಪಿಲ್ಲವೆನ್ನುವವರು ಒಬ್ಬರೇ ಬಸ್ಸು ಬದಲಾಯಿಸಿ ಕೆಂಗೇರಿಗೆ ಹೋಗಿ ಬಾಕಿ ವಸೂಲು ಮಾಡಿಕೊಂಡು ಬರುವುದಾದರೆ ಎರಡೂ ಹೊಂದುವುದಿಲ್ಲ. ಲಘು ಪೆಟ್ಟಾಗಿ ಎರಡು ವರ್ಷ ಕಳೆದ ಮೇಲೆ ದಿನೇ ದಿನೇ ನೆನಪು ಕೆಡುತ್ತಿದ್ದರೆ ಪೆಟ್ಟಿನ ಹೊರತಾದ ಬೇರೆ ಕಾರಣವಿರಬಹುದೆಂದು ಹುಡುಕುತ್ತಾರೆ.

ಒಂದರಲ್ಲಿ ಸೋತೊಡನೆ ಮೋಸವೆನ್ನಬಹುದೇ?

ಎಂದಿಗೂ ಹಾಗೆನ್ನಲಾಗದು. ಇದನ್ನು ದಂಪತಿಗಳೂ, ಊರಿನ ಹಿರಿಯರೂ, ಕೆಲಸ ಕೊಡುವವರೂ ಚೆನ್ನಾಗಿ ಮನಗಾಣಬೇಕು. ಪ್ರಯತ್ನವನ್ನು ಅಳೆಯುವ ಒಂದೊಂದು ಪರೀಕ್ಷೆಯ ಗಡಿಯನ್ನೂ ಸಾಮಾನ್ಯವಾಗಿ, ಮನಸ್ಸಿಟ್ಟು ಮಾಡಿದ ನೂರು ರೋಗಿಗಳಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಸಿಲುಕದಂತೆ ಗೊತ್ತುಪಡಿಸಿರುತ್ತಾರೆ. ಎಂದರೆ ಪ್ರಾಮಾಣಿಕರಲ್ಲಿಯೂ ಕೆಲವರು ಒಂದು ಪರೀಕ್ಷೆಯಲ್ಲಿ ಸೋಲಬಹುದು. ಆದುದರಿಂದಲೇ ಒಂದೇ ಪರೀಕ್ಷೆಯನ್ನು ನಂಬದೆ, ಬೇರೆ ಬೇರೆ ಬಗೆಯ ಹಲವು ಪರೀಕ್ಷೆಗಳನ್ನು ನಡುನಡುವೆ ಸೇರಿಸಿ ನೋಡುವುದು ಕ್ರಮ.

ಪ್ರಯತ್ನ ಕುಗ್ಗಲು ಅನೇಕ ಕಾರಣಗಳಿವೆ. ಹಿಂದಿನ ರಾತ್ರಿ ನಿದ್ದೆಯಿಲ್ಲದಿರುವುದು, ಬೆಳಗಿನ ಬಸ್ಸು ಹಿಡಿದು ಹಸಿದು ಬಂದಿರುವುದು, ತಲೆನೋವು, ಮಂಪರು ತರುವ ಔಷಧ, ಖಿನ್ನತೆ, ಬೆದರಿಕೆ, ಕಿವಿ ಮಂದವಾಗಿರುವುದು, ಕನ್ನಡಕ ಮರೆತು ಬಂದಿರುವುದು, ಪರೀಕ್ಷಕರ ಭಾಷೆ ತಿಳಿಯದಿರುವುದು ಇವೆಲ್ಲವೂ ಅಂಕವನ್ನು ಇಳಿಸುತ್ತವೆ. ಮಿದುಳಿಗೆ ಅತಿ ತೀವ್ರವಾದ ಪೆಟ್ಟಾದವರೂ, ಹುಟ್ಟಿನಿಂದಲೇ ಬುದ್ಧಿ ಮಂದವಾಗಿರುವವರೂ ಸುಲಭವಾದ ಪರೀಕ್ಷೆಯಲ್ಲಿಯೂ ಸೋಲಬಹುದು.

ಓದು ಬಾರದವರ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಪ್ರಯತ್ನದ ಪರೀಕ್ಷೆಗಳಲ್ಲಿ ಬಹುಪಾಲು ಹೊರದೇಶಗಳಲ್ಲಿ, ಶಾಲೆ ಕಲಿತವರನ್ನು ಮುಂದಿಟ್ಟುಕೊಂಡು ರೂಪುಗೊಂಡವು. ಪೆನ್ಸಿಲು ಹಿಡಿಯದ ಕೈ, ಗೆರೆಚಿತ್ರ ನೋಡದ ಕಣ್ಣು, “ಬೇಗ ಬೇಗ ಮಾಡಿ” ಎಂದರೆ ಗಾಬರಿಯಾಗುವ ಮನಸ್ಸು ಇವುಗಳಿಂದ ಕಡಿಮೆ ಅಂಕ ಬಂದರೆ ಅದನ್ನು ಸೋಗೆಂದು ಕರೆಯುವುದು ಅನ್ಯಾಯ. ಎಷ್ಟನೆಯ ತರಗತಿಯವರೆಗೆ ಓದಿದ್ದೀರಿ, ಶಾಲೆಗೇ ಹೋಗಿಲ್ಲವೇ, ಮನೆಯಲ್ಲಿ ಆಡುವ ಮಾತು ಕನ್ನಡವೇ, ತೆಲುಗೇ, ಉರ್ದುವೇ, ತಮಿಳೇ ಎಂಬುದನ್ನು ನಾಚಿಕೆಪಡದೆ ಮೊದಲೇ ಹೇಳತಕ್ಕದ್ದು.

ಬೇಕೆಂದೇ ಸೋಗು ಹಾಕಿದ್ದಾರೆಂಬ ನಿರ್ಣಯಕ್ಕೆ ಬರಲು ಕಟ್ಟುನಿಟ್ಟಾದ ನಿಯಮಗಳಿವೆ. ಕೆನಡಾ ದೇಶದ ಡೇನಿಯಲ್ ಸ್ಲಿಕ್ ಮತ್ತು ಅವರ ಸಂಗಡಿಗರು 1999ರಲ್ಲಿ ಅವನ್ನು ಕ್ರಮಪಡಿಸಿದರು. 2020ರಲ್ಲಿ ಅವು ಪರಿಷ್ಕೃತವಾದವು. ಹೊರಗಿನ ಲಾಭವೊಂದು ಇರಬೇಕು, ಪರೀಕ್ಷೆಗಳಿಂದ ಬಲವಾದ ಸಾಕ್ಷ್ಯ ದೊರೆಯಬೇಕು, ರೋಗ ಅಥವಾ ಬೇರೆ ಕಾರಣಗಳಿಂದ ಅದನ್ನು ವಿವರಿಸಲು ಸಾಧ್ಯವಾಗಬಾರದು. ಇವೆಲ್ಲವೂ ಕೂಡಿದಾಗ ಮಾತ್ರ ಆ ಮಾತನ್ನು ಆಡಬಹುದು. ಪರಿಹಾರದ ಅರ್ಜಿ ಹಾಕಿದ್ದಾರೆಂಬುದೊಂದೇ ಸಂಶಯಕ್ಕೆ ಆಧಾರವಲ್ಲ. ಪರಿಹಾರ ಕೇಳುವುದು ಹಕ್ಕು, ಅಪರಾಧವಲ್ಲ.

ಹೆಚ್ಚಿಸಿ ಹೇಳಿದರೆ ಬರುವ ಕೇಡು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ರಸ್ತೆ ಅಪಘಾತದಲ್ಲಿ ಗಾಯಗೊಂಡವರು ಅಪಘಾತ ಪರಿಹಾರ ನ್ಯಾಯಾಧಿಕರಣದಲ್ಲಿ ಅರ್ಜಿ ಸಲ್ಲಿಸಬಹುದು. ದುಡಿಯುವ ಕೈ ಸೋತ ಮನೆಗೆ ಈ ಹಣವೇ ಆಸರೆಯಾಗಬಹುದು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಮುಖ್ಯ ತೀರ್ಪನ್ನು ಕೊಟ್ಟಿತು. ವೈದ್ಯರು ಬರೆದ ಶೇಕಡಾವಾರು ಅಂಗವೈಕಲ್ಯವೇ ಗಳಿಕೆಯ ನಷ್ಟವೆಂದು ಎಣಿಸಬಾರದು. ಆ ಕುಂದಿನಿಂದ ಆತನ ಕಸುಬಿಗೆ ಎಷ್ಟು ಅಡ್ಡಿಯಾಯಿತೆಂಬುದನ್ನು ನ್ಯಾಯಾಧಿಕರಣವೇ ನೋಡಬೇಕೆಂದು ಅದು ಹೇಳಿತು. ಎಂದರೆ ದೊಡ್ಡ ಅಂಕಿಗಿಂತ, ನಿಜವಾದ ಕುಂದು ಯಾವುದು, ಅದರಿಂದ ಯಾವ ಕೆಲಸ ನಿಂತಿತು ಎಂಬ ವಿವರವೇ ಹೆಚ್ಚು ಬೆಲೆಯುಳ್ಳದ್ದು.

ಇಂತಹಲ್ಲಿ “ಏನೂ ಗೊತ್ತಿಲ್ಲವೆನ್ನು” ಎಂಬ ಉಪದೇಶವು ಹಿತೋಪದೇಶದಂತೆ ಕಂಡರೂ ವಿಷವೇ ಸರಿ. ಮೊದಲು ಕಂಡ ಗೃಹಸ್ಥನನ್ನೇ ನೋಡಿರಿ. ಆತನಿಗೆ ನೆನಪಿನ ಕುಂದು ನಿಜವಾಗಿಯೂ ಇದೆ. ಅದು ಹದಿನೈದು ಪದಗಳ ಪರೀಕ್ಷೆಯಲ್ಲಿ ತಾನಾಗಿಯೇ ಕಾಣಬೇಕಾಗಿತ್ತು. ಆದರೆ ಆತ ಬಂಧುಗಳ ಮಾತು ಕೇಳಿ ಸುಲಭವಾದುದರಲ್ಲಿಯೂ ತಪ್ಪು ಹೇಳಿದರೆ ಪರೀಕ್ಷಕರು “ಈ ಅಂಕಗಳನ್ನು ನಂಬಲಾಗದು” ಎಂದು ಬರೆಯಬೇಕಾಗುತ್ತದೆ. ಆಗ ಸುಳ್ಳಿನ ಜೊತೆಗೆ ನಿಜವೂ ಮುಳುಗುವುದು. ಚಿಕಿತ್ಸೆಯೂ ಇಲ್ಲ, ಪರಿಹಾರವೂ ಇಲ್ಲ. ಮೇಸ್ತ್ರಿ ಆಡಿದ ಮಾತೇ ಊರಿಗೆಲ್ಲ ನಿಜವಾಗಿ ಕಾಣುವುದು. ನೀರು ಬೆರೆಸಿದ ಮೇಲೆ ಒಳ್ಳೆಯ ಹಾಲಿಗೂ ಬೆಲೆ ಸಿಗದು.

“ನನಗೇನೂ ಆಗಿಲ್ಲ” ಎನ್ನುವವರು

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದ ಕೆಲವರಿಗೆ ತಮ್ಮ ಕುಂದು ತಮಗೇ ತಿಳಿಯುವುದಿಲ್ಲ. ಇದು ಹಟವಲ್ಲ, ಪೆಟ್ಟಿನದೇ ಒಂದು ಲಕ್ಷಣ. ಇನ್ನು ಕೆಲವರು ಕೆಲಸ ಹೋದೀತೆಂಬ ಅಂಜಿಕೆಯಿಂದ ತಿಳಿದೂ ಮುಚ್ಚಿಡುತ್ತಾರೆ. ಇಂತಹವರು ಕೋಣೆಯ ಶಾಂತಿಯಲ್ಲಿ ಪರೀಕ್ಷಕರ ಎದುರು ಚೆನ್ನಾಗಿಯೇ ಉತ್ತರಿಸಿ, ಮನೆಯ ಗದ್ದಲದಲ್ಲಿ ತಡವರಿಸುವುದುಂಟು. ಇಲ್ಲಿ ಜೊತೆಯಲ್ಲಿ ಬಾಳುವವರ ಮಾತೇ ಪ್ರಮಾಣ. ಒಲೆಯ ಮೇಲೆ ಹಾಲಿಟ್ಟು ಮರೆತದ್ದು, ಮಕ್ಕಳ ಮೇಲೆ ಹಿಂದೆಂದೂ ಇಲ್ಲದಂತೆ ಕೈಮಾಡಿದ್ದು, ಒಂದೇ ಸಾಲವನ್ನು ಎರಡು ಬಾರಿ ತೀರಿಸಿದ್ದು ಇವನ್ನೆಲ್ಲ ಸಂಕೋಚವಿಲ್ಲದೆ ತಿಳಿಸತಕ್ಕದ್ದು.

ಆದುದರಿಂದಲೇ ಪರೀಕ್ಷಕರು ಗಂಡಹೆಂಡಿರನ್ನು ಕೂಡಿಯೂ ಬೇರೆಬೇರೆಯಾಗಿಯೂ ಮಾತನಾಡಿಸುತ್ತಾರೆ. ಮನೆಯೊಳಗಿನ ಹೊಡೆತದಿಂದಲೇ ತಲೆಗೆ ಪೆಟ್ಟಾಗಿದ್ದರೆ ಅದನ್ನು ಆ ಹೊತ್ತಿನಲ್ಲಿ ನಿರ್ಭಯವಾಗಿ ಹೇಳಬಹುದು. ತೊಂದರೆಯಲ್ಲಿರುವ ಮಹಿಳೆಯರಿಗೆ 181 ಎಂಬ ಸಹಾಯವಾಣಿಯೂ ಇದೆ.

ಜೊತೆಗಾರರ ಕರ್ತವ್ಯ

ಪರೀಕ್ಷೆಗೆ ಮೊದಲು: ಒಂದು ನೋಟುಪುಸ್ತಕದಲ್ಲಿ ಎರಡು ವಾರಗಳ ದಿನಚರಿ ಬರೆದಿಡಿ. ಏನನ್ನು ಮರೆತರು, ಏನನ್ನು ತಾವಾಗಿಯೇ ಮಾಡಿದರು ಎಂಬ ಎರಡೂ ಅದರಲ್ಲಿರಲಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದಲೋ ಆಶಾ ಕಾರ್ಯಕರ್ತೆಯಿಂದಲೋ ಬರೆಸಬಹುದು. ಆಸ್ಪತ್ರೆಯ ಬಿಡುಗಡೆ ಚೀಟಿ, ತಲೆಯ ಸ್ಕ್ಯಾನ್ ಚಿತ್ರ, ಗಾಯದ ಪ್ರಮಾಣಪತ್ರ, ನುಂಗುತ್ತಿರುವ ಮಾತ್ರೆಗಳು ಇವೆಲ್ಲವನ್ನೂ ಒಂದೇ ಚೀಲದಲ್ಲಿಡಿ. ಹಿಂದಿನ ರಾತ್ರಿ ನಿದ್ದೆ ಕೆಡದಿರಲಿ. ವೈದ್ಯರು ಹೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಮದ್ಯಪಾನ ಕೂಡದು.

ಪರೀಕ್ಷೆಯ ದಿನ: ಊಟ ಮಾಡಿ ಹೊರಡಿ. ಕನ್ನಡಕ, ಕಿವಿಯ ಯಂತ್ರ ಮರೆಯದಿರಿ. ದೂರದ ಊರಿನವರು ಸಾಧ್ಯವಾದರೆ ಹಿಂದಿನ ದಿನವೇ ಬಂದು ಬಂಧುಗಳ ಮನೆಯಲ್ಲಿ ತಂಗುವುದು ಲೇಸು. ಹೊಸಹಳ್ಳಿಯಂತಹ ಕಡೆ ತಂಗಿದವರು ಮೆಟ್ರೊ ರೈಲಿನಲ್ಲಿ ಮೆಜೆಸ್ಟಿಕ್ಕಿಗೆ ಬಂದು, ಅಲ್ಲಿಂದ ನಗರ ಸಾರಿಗೆ ಬಸ್ಸಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸನ್ನು ಸೇರಬಹುದು. ಪರೀಕ್ಷೆಯ ಕೋಣೆಯಲ್ಲಿ ಉತ್ತರವನ್ನು ಪಿಸುಗುಟ್ಟಬೇಡಿ, ಕಣ್ಸನ್ನೆ ಮಾಡಬೇಡಿ. ಪ್ರೀತಿಯಿಂದ ಕೊಟ್ಟ ಒಂದು ಸುಳಿವೂ ಅಳತೆಯನ್ನು ಕೆಡಿಸುವುದು. ದಣಿವಾದರೆ, ಪ್ರಶ್ನೆ ಅರ್ಥವಾಗದಿದ್ದರೆ, ತಲೆ ಸಿಡಿಯುತ್ತಿದ್ದರೆ ಬಾಯಿಬಿಟ್ಟು ಹೇಳಿ. ವಿರಾಮ ಕೊಡುತ್ತಾರೆ, ಬೇರೊಂದು ದಿನಕ್ಕೂ ಮುಂದೂಡಬಹುದು.

ಪರೀಕ್ಷೆಯ ಅನಂತರ: ಫಲವನ್ನು ಕನ್ನಡದಲ್ಲಿ ವಿವರಿಸುವಂತೆ ಕೇಳಿರಿ. “ನಂಬಲಾಗದು” ಎಂದು ಬರೆದಿದ್ದರೆ ಜಗಳಕ್ಕೆ ಇಳಿಯದೆ ಕಾರಣವನ್ನು ವಿಚಾರಿಸಿ, ಕಾರಣ ನಿವಾರಣೆಯಾದ ಮೇಲೆ ಮರುಪರೀಕ್ಷೆಗೆ ವಿನಂತಿಸಬಹುದು.

ದಂಪತಿಗಳು ಕೇಳುವ ಕೆಲವು ಪ್ರಶ್ನೆಗಳು

ಪ್ರಶ್ನೆ: ಸ್ಕ್ಯಾನ್ ಚಿತ್ರದಲ್ಲಿ ಏನೂ ಇಲ್ಲವೆಂದರು. ಹಾಗಾದರೆ ಮರೆವು ಸುಳ್ಳೇ?
ಉತ್ತರ: ಹಾಗಲ್ಲ. ಸೂಕ್ಷ್ಮ ನರತಂತುಗಳ ಹಾನಿಯು ಸಾಮಾನ್ಯ ಸ್ಕ್ಯಾನ್ ಚಿತ್ರದಲ್ಲಿ ಕಾಣದಿರಬಹುದು. ಬುದ್ಧಿಶಕ್ತಿಯ ಪರೀಕ್ಷೆಯ ಅಗತ್ಯ ಇರುವುದೇ ಅದಕ್ಕಾಗಿ.

ಪ್ರಶ್ನೆ: ಪರೀಕ್ಷೆಯಲ್ಲಿ ಪ್ರಯತ್ನ ಸಾಲದೆಂದು ಬಂದರೆ ಪೆಟ್ಟೇ ಆಗಿಲ್ಲವೆಂದು ಅರ್ಥವೇ?
ಉತ್ತರ: ಅಲ್ಲ. ಆ ದಿನದ ಅಂಕಗಳಿಂದ ಏನನ್ನೂ ಹೇಳಲಾಗದೆಂದು ಮಾತ್ರ ಅರ್ಥ. ಪೆಟ್ಟು ಇರಲೂಬಹುದು.

ಪ್ರಶ್ನೆ: ಪರೀಕ್ಷೆಗೆ ಮೊದಲೇ ಅಭ್ಯಾಸ ಮಾಡಿಸಬಹುದೇ?
ಉತ್ತರ: ಬೇಡ. ಅಭ್ಯಾಸವು ನಿಜವಾದ ಕುಂದನ್ನು ಮರೆಮಾಡಿ, ಬರಬೇಕಾದ ಚಿಕಿತ್ಸೆಯನ್ನು ತಪ್ಪಿಸಬಹುದು. ಅಭ್ಯಾಸದ ಕಾಲ ಪರೀಕ್ಷೆಯ ಅನಂತರ ಬರುತ್ತದೆ.

ಪ್ರಶ್ನೆ: ವಕೀಲರಿಗೆ ಕೊಡಲು ಹಣವಿಲ್ಲ. ಏನು ಮಾಡುವುದು?
ಉತ್ತರ: ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅಂಗವಿಕಲರಿಗೂ ಉಚಿತ ನೆರವು ದೊರೆಯುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿ. ಅರ್ಜಿ ಸಲ್ಲಿಸಲು ತಡಮಾಡಬೇಡಿ.

ಪ್ರಶ್ನೆ: ಬೆಂಗಳೂರಿಗೇ ಹೋಗಬೇಕೇ?
ಉತ್ತರ: ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣಿರಿ. 2022ರಲ್ಲಿ ರಾಜ್ಯ ಸರ್ಕಾರವು ನಿಮ್ಹಾನ್ಸ್ ಜೊತೆಗೂಡಿ ಮಿದುಳಿನ ಆರೋಗ್ಯಕ್ಕಾಗಿ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಚಿಕಿತ್ಸಾಲಯ ಇದೆಯೇ ಎಂದು ಅವರು ತಿಳಿಸುವರು. ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್ ಎಂಬ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನೆನಪಿನಲ್ಲಿಡಿ

1. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದರೆ, ವಾಂತಿಯಾದರೆ, ಮೂರ್ಛೆ ಬಂದರೆ, ಕಿವಿ ಮೂಗುಗಳಿಂದ ರಕ್ತ ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ.

2. ಮೊದಲ ದಿನದ ಆಸ್ಪತ್ರೆಯ ಕಾಗದಪತ್ರಗಳನ್ನು ಕಳೆಯಬೇಡಿ.

3. ಪರೀಕ್ಷೆಯಲ್ಲಿ ಇರುವುದನ್ನು ಇರುವಂತೆ ತೋರಿಸಿ. ಹೆಚ್ಚಿಸುವುದೂ ಬೇಡ, ಮುಚ್ಚಿಡುವುದೂ ಬೇಡ.

4. ಓದು ಬಾರದಿರುವುದು ಅವಮಾನವಲ್ಲ. ಅದನ್ನು ಮೊದಲೇ ತಿಳಿಸಿದರೆ ಸರಿಯಾದ ಅಳತೆಗೋಲು ದೊರೆಯುತ್ತದೆ.

5. ಒಂದು ಪರೀಕ್ಷೆಯಲ್ಲಿ ಸೋತವರನ್ನು ಸೋಗಿನವರೆಂದು ಜರೆಯಬೇಡಿ.

6. ದ್ವಿಚಕ್ರ ವಾಹನವನ್ನು ನಡೆಸುವವರೂ ಹಿಂದೆ ಕುಳಿತವರೂ ಹೆಲ್ಮೆಟ್ ಧರಿಸಿ ಪಟ್ಟಿಯನ್ನು ಬಿಗಿಯಿರಿ. ಇಲ್ಲಿ ಹೇಳಿದ ಯಾವ ಪರೀಕ್ಷೆಯೂ ನಿಮ್ಮ ಮನೆಗೆ ಬೇಕಾಗದಿರಲಿ.